ಟೆಂಟಿನ ತಳಕ್ಕೆ ಹಾಸು: ಕೆಳಗೋ, ಒಳಗೋ? ಮೈಸೂರು–ಮಂಡ್ಯ ಕಡೆಯ ನೆಲಕ್ಕೆ ಯಾವುದು ಸರಿ?

ಹೊಸಟೆಂಟು_ಮೈಸೂರು

ಎಲ್ಲರಿಗೂ ನಮಸ್ಕಾರ. ಇಬ್ಬರು ಮಲಗುವ ಡೋಮ್ ಟೆಂಟಿಗೆ ತಳಹಾಸು ಮಾಡಿಸಬೇಕು. ಟೆಂಟಿನ ತಳ 210 × 140 ಸೆಂ.ಮೀ., ಪಿಯು (ಪಾಲಿಯುರೆಥೇನ್) ಲೇಪನದ ಪಾಲಿಯೆಸ್ಟರ್, ಚೀಟಿಯಲ್ಲಿ 3000 ಮಿ.ಮೀ. ಎಂದಿದೆ. ಹಾಕುವುದು ಎರಡು ಥರದ ನೆಲದ ಮೇಲೆ. ಪಾಂಡವಪುರದ ಕಡೆ ಬೆಣಚುಕಲ್ಲಿನ ಚೂರು ಬೆರೆತ ಕೆಮ್ಮಣ್ಣಿನ ಹೊಲ ಒಂದು, ಶ್ರೀರಂಗಪಟ್ಟಣದ ಹತ್ತಿರ ಗದ್ದೆಗೆ ಅಂಟಿಕೊಂಡ ತೆಂಗಿನ ತೋಟ ಇನ್ನೊಂದು. ಎರಡಕ್ಕೂ ಮಾಲೀಕರ ಒಪ್ಪಿಗೆ ಇದೆ.

ಹಾಸನ್ನು ಟೆಂಟಿನ ಕೆಳಗೆ ಹಾಕಬೇಕೋ, ಒಳಗೆ ಹಾಕಬೇಕೋ? ಅಂಗಡಿಯ ಟಾರ್ಪಾಲು ಸಾಕೇ, ಸಾಕಾದರೆ ಎಷ್ಟು ದಪ್ಪದ್ದು? ಇನ್ನೊಂದು ಸಂಶಯ: ಮಳೆಯಿಲ್ಲದ ರಾತ್ರಿಯಲ್ಲೂ ಚಾಪೆಯ ಅಡಿ ಒದ್ದೆಯಾಗುವುದು ತಳ ಸೋರುವುದರಿಂದಲೇ?

ಬೆಣಚುಕಲ್ಲು

ದಪ್ಪದ ಮಾತು ಆಮೇಲೆ. ಮೊದಲು ಅಳತೆ ಸರಿಯಾಗಲಿ. ಹಾಸು ಟೆಂಟಿನ ತಳಕ್ಕಿಂತ ನಾಲ್ಕೂ ಕಡೆ 5 ಸೆಂ.ಮೀ. ಚಿಕ್ಕದಿರಬೇಕು. ನಿಮ್ಮ ಟೆಂಟಿಗೆ ಅಂಚು ಹೊಲಿದ ಮೇಲೆ 200 × 130 ಬರಬೇಕು. ಅಂಚು ಒಂದಿಂಚು ಹೊರಗೆ ಇಣುಕಿದರೂ ಮೇಲ್ಹೊದಿಕೆಯಿಂದ ಇಳಿದ ನೀರು ಅದರ ಮೇಲೆ ಬಿದ್ದು ಸೀದಾ ಹಾಸಿಗೂ ತಳಕ್ಕೂ ನಡುವೆ ಸೇರುತ್ತದೆ. ಬರಿ ಮಣ್ಣಿದ್ದರೆ ಅಷ್ಟಿಷ್ಟು ಹೀರಿಕೊಳ್ಳುತ್ತಿತ್ತು. ಪ್ಲಾಸ್ಟಿಕ್ಕಿನ ಮೇಲೆ ಅದು ಅಲ್ಲೇ ನಿಲ್ಲುತ್ತದೆ, ಮೇಲಿನಿಂದ ನಿಮ್ಮ ಭಾರ ಬಿದ್ದಾಗ ಬಟ್ಟೆಯ ಮೂಲಕ ಒಳಕ್ಕೆ ಬರುತ್ತದೆ. ತಳಹಾಸು ಹಾಕಿಯೂ ಒದ್ದೆಯಾಯಿತು ಎನ್ನುವ ದೂರುಗಳಲ್ಲಿ ಬಹುಪಾಲಿಗೆ ಇದೇ ಕಾರಣ.

3000 ಮಿ.ಮೀ. ಎಂಬ ಅಂಕಿಯನ್ನು ಹೀಗೆ ಓದಿ. ಅದು ಬಟ್ಟೆ ಸೋರದೆ ತಡೆಯುವ ನೀರಿನ ಕಂಬದ ಎತ್ತರ. 10,000 ಮಿ.ಮೀ. ನೀರಿನ ಕಂಬ ಎಂದರೆ ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡ. ಹಾಗಾಗಿ 3000 ಎಂದರೆ 300 ಗ್ರಾಂ. ಮಂಡಿಯೂರಿ ಕೂತಾಗ ಒಂದು ಮಂಡಿಯ ಮೇಲೆ 25 ಕೆ.ಜಿ. ಬಿದ್ದು, ನೆಲ ಮುಟ್ಟುವ ಜಾಗ 40 ಚದರ ಸೆಂ.ಮೀ. ಇದ್ದರೆ ಒತ್ತಡ 600 ಗ್ರಾಂ ದಾಟುತ್ತದೆ. ಕೆಳಗೆ ನೀರು ನಿಂತಿದ್ದರೆ ಹೊಸ ಟೆಂಟೂ ಆ ಜಾಗದಲ್ಲಿ ಜಿನುಗುತ್ತದೆ. ಮಲಗಿದಾಗ ಭಾರ ಹರಡಿಕೊಳ್ಳುವುದರಿಂದ ಅಷ್ಟು ತೊಂದರೆಯಿಲ್ಲ. ಒದ್ದೆ ನೆಲದಲ್ಲಿ ಮಂಡಿ, ಮೊಣಕೈ ಊರುವ ಕಡೆ ಚಾಪೆ ಇರಲಿ.

ಕೆಳಗೋ ಒಳಗೋ ಎಂದರೆ, ಕೆಳಗೆ ಹಾಕುವುದು ತಳದ ಬಟ್ಟೆ ಸವೆಯದಿರಲಿ, ಚುಚ್ಚದಿರಲಿ ಎಂದು. ಒಳಗೆ ಹಾಕುವುದು ಒಳಗಿರುವ ನಿಮಗಾಗಿ. ಅದರಿಂದ ತಳಕ್ಕೆ ಹೊರಗಿನಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಬೆಣಚುಕಲ್ಲಿನ ಹೊಲಕ್ಕೆ ಕೆಳಗೆ ಹಾಕಲೇಬೇಕು.

ನಾಲೆ_ಏರಿ

ಬೆಣಚುಕಲ್ಲು ಸರ್ ಹೇಳಿದ್ದು ಹೊಲಕ್ಕೆ ಸರಿ. ಗದ್ದೆ ಬಯಲಿನ ಲೆಕ್ಕ ಬೇರೆ ಕಣ್ರೀ. ಅಲ್ಲಿ ನೀರು ಮೇಲಿಂದ ಬರೋದಕ್ಕಿಂತ ಪಕ್ಕದಿಂದ, ಅಡಿಯಿಂದ ಬರೋದೇ ಜಾಸ್ತಿ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡ್ತಾರೆ. ಸಂಜೆ ಒಣಗಿದ್ದ ಬದುವಿನ ಪಕ್ಕದ ಜಾಗ ಬೆಳಗಿನ ಜಾವಕ್ಕೆ ಜವುಗಾಗಿರ್ತದೆ. ಟೆಂಟ್ ಹಾಕೋ ಮುಂಚೆ ತೋಟದೋರನ್ನ ಎರಡು ಮಾತು ಕೇಳಿ: ನಾಲೆಗೆ ನೀರು ಯಾವಾಗ ಬರ್ತದೆ, ಮೇಲಿನ ಗದ್ದೆಯೋರು ಇವತ್ತು ರಾತ್ರಿ ನೀರು ಕಟ್ತಾರಾ. ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ತಲೆನೋವು ಹೋಯ್ತು.

ಅಂಥ ನೆಲದಲ್ಲಿ ಕೆಳಗೊಂದು, ಒಳಗೊಂದು ಎರಡೂ ಬೇಕು. ಒಳಗಿನದು ತಳಕ್ಕಿಂತ ದೊಡ್ಡದಿರಲಿ, ನಾಲ್ಕೂ ಕಡೆ 15 ಸೆಂ.ಮೀ. ಹೆಚ್ಚಿಗೆ ಬಿಟ್ಟು ಗೋಡೆಗೆ ಎತ್ತಿ ನಿಲ್ಲಿಸಿ. ನಿಮ್ಮ ಅಳತೆಗೆ 240 × 170. ಮೂಲೆ ಕತ್ತರಿಸಬೇಡಿ, ಮಡಚಿ ಬಟ್ಟೆ ಕ್ಲಿಪ್ ಹಾಕಿ. ಕತ್ತರಿಸಿದರೆ ನೀರು ನುಗ್ಗೋದೇ ಆ ಮೂಲೆಯಿಂದ. ಇದಕ್ಕೆ ತೆಳು ಹಾಳೆ ಸಾಕು.

ಇನ್ನು ತೆಂಗಿನ ತೋಟ. ಬುಡದ ಸುತ್ತ ಇರೋ ಪಾತಿ ನೀರು ನಿಲ್ಲಲಿ ಅಂತಲೇ ಮಾಡಿರೋ ತಗ್ಗು. ಮೆತ್ತಗಿದೆ, ಸಮವಾಗಿದೆ ಅಂತ ಅದರಲ್ಲಿ ಟೆಂಟ್ ಹಾಕ್ಬೇಡಿ. ಮೇಲಿಂದ ಕಾಯಿ ಬೀಳೋ ಅಪಾಯ ಇದ್ದೇ ಇದೆ. ಮರಗಳ ಅಂತರ 25–30 ಅಡಿ ಇದ್ದರೆ ನಾಲ್ಕು ಮರದ ನಟ್ಟನಡುವೆ ಪ್ರತಿ ಬುಡದಿಂದ 18–21 ಅಡಿ ದೂರ ಸಿಗ್ತದೆ, ಅಲ್ಲಿ ಹಾಕಿ. ಒಣಗರಿ ಜೋತುಬಿದ್ದಿರೋ ಮರದ ಕಡೆ ಅದೂ ಬೇಡ. ಕೆಳಗೆ ಉದುರಿರೋ ಕುರುಂಬೆ, ಗರಿಯ ಬುಡ ಎಲ್ಲಾ ಆಯ್ದು ತೆಗೀರಿ.

ಬೆಣಚುಕಲ್ಲು

ನಾಲೆ_ಏರಿ ಅಣ್ಣ, ಜವುಗು ನೆಲಕ್ಕೆ ಒಳಹಾಸು ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಎಚ್ಚರಿಕೆ ಸೇರಿಸಬೇಕು. ಒಳಹಾಸಿನ ಅಡಿಗೆ ಬಂದ ನೀರು ಕಣ್ಣಿಗೆ ಬೀಳುವುದಿಲ್ಲ. ಹಾಸು ಒಣಗಿರುವುದನ್ನು ನೋಡಿ ಟೆಂಟನ್ನು ಹಾಗೆಯೇ ಸುತ್ತಿಟ್ಟರೆ ಪಿಯು ಲೇಪನ ಹಾಳಾಗುತ್ತದೆ. ತೇವ ಮತ್ತು ಬಿಸಿ ಸೇರಿದಾಗ ಆ ಲೇಪನ ರಾಸಾಯನಿಕವಾಗಿ ಒಡೆಯುತ್ತದೆ. ಮೊದಲು ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ, ಆಮೇಲೆ ಹೊಟ್ಟಿನಂತೆ ಉದುರುತ್ತದೆ. ಆ ಹಂತಕ್ಕೆ ಬಂದ ತಳವನ್ನು ಮೊದಲಿನಂತೆ ಮಾಡಲಾಗುವುದಿಲ್ಲ. ಬೆಳಿಗ್ಗೆ ಒಳಹಾಸು ಎತ್ತಿ ಕೈಯಾಡಿಸಿ ನೋಡುವುದನ್ನು ಬಿಡಬಾರದು.

ಟಾರ್ಪಾಲು_ಹೊಲಿಗೆ

ಯಾವ ಹಾಳೆ ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ತೂಕದ ಲೆಕ್ಕ ಸುಲಭ: ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿನ ತೂಕ, ಗ್ರಾಂನಲ್ಲಿ. ನಿಮ್ಮ 200 × 130 ಹಾಸು 2.6 ಚದರ ಮೀಟರ್.

ನೇಯ್ದ ಎಚ್‌ಡಿಪಿಇ ಟಾರ್ಪಾಲು, ಅಂದರೆ ನೀಲಿ ಅಥವಾ ಹಳದಿ ಬಣ್ಣದ ಮಾಮೂಲಿಯದು, 120 ಜಿಎಸ್‌ಎಂನದ್ದಾದರೆ 312 ಗ್ರಾಂ ತೂಗುತ್ತದೆ. ಸವೆತಕ್ಕೆ ಚೆನ್ನಾಗಿ ತಡೆಯುತ್ತದೆ. ಆದರೆ ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚುತ್ತಾ ಹೋಗುತ್ತದೆ. ಮಡಿಕೆ ಬಿದ್ದ ಗೆರೆಯಲ್ಲಿ ಮೇಲಿನ ಪದರ ಬಿರುಕುಬಿಟ್ಟು ಅಲ್ಲಿಂದಲೇ ಸೋರಲು ಶುರುವಾಗುತ್ತದೆ. ಅದಕ್ಕೇ ಮಡಚದೆ ಸುತ್ತಿಡಬೇಕು.

ಸಿಲ್ಪಾಲಿನ್ ಥರದ ಅಡ್ಡಪದರದ ಹಾಳೆಯಲ್ಲಿ ನೇಯ್ಗೆ ಇರುವುದಿಲ್ಲ. ಬೇರೆ ಬೇರೆ ದಿಕ್ಕಿಗೆ ಎಳೆದ ಪದರಗಳನ್ನು ಒಂದರ ಮೇಲೊಂದು ಕೂಡಿಸಿರುತ್ತಾರೆ, ಹಾಗಾಗಿ ಒಂದು ಕಡೆ ತೂತಾದರೂ ಹರುಕು ಮುಂದಕ್ಕೆ ಓಡುವುದಿಲ್ಲ. 90 ಜಿಎಸ್‌ಎಂನದ್ದು 234 ಗ್ರಾಂ. ಬೆನ್ನಿಗೆ ಹೊತ್ತು ನಡೆಯುವವರಿಗೆ ನಾನು ಹೇಳುವುದು ಇದನ್ನೇ. ದೋಷ ಒಂದಿದೆ, ಜಾರುತ್ತದೆ. ಇಳಿಜಾರಿನಲ್ಲಿ ಹಾಸಿನ ಮೇಲೆ ಟೆಂಟು ಕೆಳಗೆ ಸರಿಯದಿರಲು ಮೂಲೆ ಕಟ್ಟಲೇಬೇಕು.

ರಾಗಿ, ಭತ್ತ ಒಕ್ಕಣೆಗೆ ಬಳಸುವ ಕಪ್ಪು ಟಾರ್ಪಾಲು 250 ಜಿಎಸ್‌ಎಂ ಇದ್ದರೆ 650 ಗ್ರಾಂ ಬರುತ್ತದೆ. ಕಾರಿನಲ್ಲಿ ಹೋಗುವುದಾದರೆ ತೊಂದರೆಯಿಲ್ಲ, ಹೊರಲು ಬೇಡ. ಟೊಮೆಟೊ ಸಾಲಿಗೆ ಹಾಸುವ 30 ಮೈಕ್ರಾನ್ ಮಲ್ಚಿಂಗ್ ಹಾಳೆ ಇಷ್ಟೇ ಅಳತೆಗೆ 75 ಗ್ರಾಂ ಕೂಡ ಆಗುವುದಿಲ್ಲ. ಹೆಚ್ಚಾಗಿ 4 ಅಡಿ ಅಗಲದಲ್ಲಿ ಸಿಗುತ್ತದೆ, ಒಬ್ಬರ ಟೆಂಟಿಗೆ ಸರಿಹೋಗುತ್ತದೆ. ತೇವ ತಡೆಯುತ್ತದೆ, ಮುಳ್ಳು ತಡೆಯುವುದಿಲ್ಲ. ನಾಲೆ_ಏರಿ ಹೇಳಿದ ಒಳಹಾಸಿಗೆ ಬೇಕಾದರೆ ಎರಡು ಪಟ್ಟಿಗಳನ್ನು 20 ಸೆಂ.ಮೀ.ನಷ್ಟು ಒಂದರ ಮೇಲೊಂದು ಬರುವಂತೆ ಹಾಕಿ ಟೇಪು ಹಚ್ಚಿ.

ಹಳೆಯ ಫ್ಲೆಕ್ಸ್ ಬ್ಯಾನರ್ ಪುಕ್ಕಟೆ ಸಿಗುತ್ತದೆ ಎಂದು ಬಳಸುವವರಿದ್ದಾರೆ. ಅದು ಪಿವಿಸಿ. ಮೆದುವಾಗಲೆಂದು ಅದಕ್ಕೆ ಸೇರಿಸಿದ ಎಣ್ಣೆಯಂಥ ವಸ್ತು ಬಿಸಿಗೆ ಹೊರಬಂದು, ಅಂಟಿಕೊಂಡ ಬಟ್ಟೆಯ ಲೇಪನಕ್ಕೆ ಹತ್ತುತ್ತದೆ. ಹಾಕಿದರೂ ಟೆಂಟಿನ ಜೊತೆ ಸುತ್ತಿಡಬೇಡಿ.

ಹೊಸಟೆಂಟು_ಮೈಸೂರು

ಧನ್ಯವಾದ. ಸಂತೇಪೇಟೆಯಲ್ಲಿ ವಿಚಾರಿಸಿದರೆ 6 × 9, 9 × 12 ಅಡಿ ಅಳತೆಯಲ್ಲಿ ಕೊಡುತ್ತಾರೆ. ಯಾವುದನ್ನು ತಂದು ಹೇಗೆ ಕತ್ತರಿಸಲಿ? ಮೂಲೆಗೆ ಐಲೆಟ್ (ಹುರಿ ಕಟ್ಟುವ ತೂತಿನ ಲೋಹದ ಬಳೆ) ಹೊಡೆಸಬೇಕೇ?

ಟಾರ್ಪಾಲು_ಹೊಲಿಗೆ

9 × 12 ತನ್ನಿ, 274 × 366 ಸೆಂ.ಮೀ. ಆಗುತ್ತದೆ. 274ರ ಅಗಲವನ್ನು ಎರಡು ಭಾಗ ಮಾಡಿದರೆ ತಲಾ 137. ಪ್ರತಿ ಅಂಚಿಗೆ 3.5 ಸೆಂ.ಮೀ. ಮಡಿಸಿ ಹೊಲಿದರೆ 130 ಉಳಿಯುತ್ತದೆ. ಉದ್ದಕ್ಕೆ 207 ಕತ್ತರಿಸಿ, ಮಡಿಸಿದ ಮೇಲೆ 200. ಒಂದೇ ಹಾಳೆಯಲ್ಲಿ ಎರಡು ತಳಹಾಸು ಸಿಕ್ಕವು. ಉಳಿದ 159 ಸೆಂ.ಮೀ. ತುಂಡನ್ನು ಬಾಗಿಲ ಮುಂದೆ ಚಪ್ಪಲಿ ಬಿಡಲು, ಚೀಲ ಇಡಲು ಹಾಸಿ.

ಅಂಗಡಿಯ ಅಳತೆ ಎಷ್ಟೋ ಸಲ ಒಂದೆರಡು ಇಂಚು ಕಡಿಮೆ ಬರುತ್ತದೆ. ಟೇಪಿನಲ್ಲಿ ಅಳೆದೇ ಕತ್ತರಿಸಿ. ಕಡಿಮೆ ಬಿದ್ದರೆ ಮಡಿಕೆಯನ್ನು 2.5 ಸೆಂ.ಮೀ.ಗೆ ಇಳಿಸಿ.

ಮೂಲೆಗೆ ಐಲೆಟ್ ಹೊಡೆಸುವಾಗ ಮೂರು ಪದರ ಬರುವಂತೆ ಮಡಿಸಲು ಹೇಳಿ. ಒಂದೇ ಪದರಕ್ಕೆ ಹೊಡೆದದ್ದು ಗಾಳಿಗೆ ಕಿತ್ತು ಬರುತ್ತದೆ. ಐಲೆಟ್ಟಿನಿಂದ ಟೆಂಟಿನ ಮೂಲೆಗೆ ಹಗ್ಗ ಬಿಗಿಯಬೇಡಿ, 3 ಮಿ.ಮೀ. ಎಲಾಸ್ಟಿಕ್ ಹುರಿಯನ್ನು 12 ಸೆಂ.ಮೀ.ಗೆ ಕತ್ತರಿಸಿ ಕುಣಿಕೆ ಹಾಕಿ, ಪೋಲ್ ತುದಿ ಕೂರುವ ಪಿನ್ನಿಗೆ ಸಿಕ್ಕಿಸಿ. ಪಾಲಿಯೆಸ್ಟರ್ ತಳ ಒದ್ದೆಯಾದಾಗ ಹೆಚ್ಚು ಹಿಗ್ಗುವುದಿಲ್ಲ, ನೈಲಾನ್ ಹಿಗ್ಗುತ್ತದೆ. ಹಗ್ಗವಾದರೆ ಒಂದೋ ಸಡಿಲಾಗುತ್ತದೆ, ಇಲ್ಲ ಎಳೆಯುತ್ತದೆ.

ಕೂಳೆಗದ್ದೆ

ಇಷ್ಟು ಹೊತ್ತು ಹಾಳೆಯ ಮಾತೇ ಆಯ್ತು, ಮುಳ್ಳಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆ ಟೆಂಟಿನ ತಳ ತೂತಾಗೋದು ಕಲ್ಲಿಗಿಂತ ಹೆಚ್ಚಾಗಿ ನೆಗ್ಗಿಲು ಮುಳ್ಳಿನಿಂದ. ಅದರ ಕಾಯಿ ಒಣಗಿ ಐದು ಚೂರಾಗ್ತದೆ, ಒಂದೊಂದು ಚೂರಿಗೂ ಎರಡು ಗಟ್ಟಿ ಮುಳ್ಳು. ಹೆಂಗೆ ಬಿದ್ದರೂ ಒಂದು ಮೇಲ್ಮುಖ ಆಗಿರ್ತದೆ. ಮಣ್ಣಿನ ಬಣ್ಣವೇ ಇರೋದರಿಂದ ಬ್ಯಾಟರಿ ಬೆಳಕಲ್ಲಿ ಕಾಣಲ್ಲ. 120 ಜಿಎಸ್‌ಎಂ ಹಾಸನ್ನೂ, ತಳವನ್ನೂ ಒಟ್ಟಿಗೆ ದಾಟಿ ಗಾಳಿ ತುಂಬೋ ಹಾಸಿಗೆಗೆ ಚುಚ್ತದೆ.

ತೆಗೆಯೋ ಕ್ರಮ ಹೇಳ್ತೀನಿ. ಮೊದಲು ಪೊರಕೆಯಲ್ಲಿ ಗುಡಿಸಿ. ಆಮೇಲೆ ಎರಡಡಿ ಚೌಕದ ಹಳೇ ಫೋಮ್ ತುಂಡು ನೆಲದ ಮೇಲಿಟ್ಟು, ಅದರ ಮೇಲೆ ಒಂದು ಕಲ್ಲು ಹೇರಿ, ಟೆಂಟ್ ಬರೋ ಜಾಗ ಪೂರ್ತಿ ಎಳೀರಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಮುಳ್ಳು ಫೋಮಿಗೆ ಚುಚ್ಚಿಕೊಂಡು ಬರ್ತವೆ. ಕಿತ್ತು ದೂರ ಹಾಕಿ ಮತ್ತೊಮ್ಮೆ ಎಳೀರಿ, ಫೋಮಿಗೆ ಏನೂ ಸಿಗದಿದ್ದರೆ ನಿಲ್ಲಿಸಿ.

ಬಳ್ಳಾರಿ ಜಾಲಿ, ಕರಿಜಾಲಿ ಮುಳ್ಳು ಉದ್ದ, ಅದಕ್ಕೆ ಫೋಮೂ ತಡೆಯಲ್ಲ. ಆ ಮರದ ನೆರಳು ಎಷ್ಟೇ ಚೆನ್ನಾಗಿದ್ದರೂ ಅದರಡಿ ಬೇಡ.

ಭತ್ತ ಕುಯ್ದ ಗದ್ದೆ ನೋಡೋಕೆ ಸಮ. ಕೂಳೆ ಓರೆಯಾಗಿ ಕತ್ತರಿಸಿರೋದರಿಂದ ತುದಿ ಚೂಪು. ಕಬ್ಬಿನ ಕೂಳೆ ಅದಕ್ಕಿಂತ ಗಟ್ಟಿ, ಅದರ ಮೇಲೆ ಟೆಂಟ್ ಹಾಕೋ ಯೋಚನೆಯೇ ಬೇಡ. ಭತ್ತದ ಕೂಳೆ ಒಣಗಿದ್ದರೆ ಗುದ್ದಲಿ ಹಿಂಬದಿಯಿಂದ ಬಡಿದು ಮಲಗಿಸಬಹುದು, ಒಡೆಯರನ್ನ ಕೇಳಿಕೊಂಡು.

ಚಾಪೆ_ದಿಂಬು

ಕೂಳೆಗದ್ದೆ ಅಣ್ಣ, ಮೆತ್ತಗಿರಲಿ ಎಂದು ಟೆಂಟಿನ ಕೆಳಗೆ ಭತ್ತದ ಹುಲ್ಲು ಹಾಸಬಹುದಾ? ಇಲ್ಲ ಗೋಣಿಚೀಲ?

ಕೂಳೆಗದ್ದೆ

ಎರಡೂ ಬೇಡಕ್ಕ. ಹುಲ್ಲಿನೊಳಗೆ ಚೇಳು, ಹಾವು ಸೇರಿದ್ರೆ ಗೊತ್ತಾಗಲ್ಲ, ಹತ್ತಿರ ಒಲೆ ಹಚ್ಚಿದ್ರೆ ಕಿಡಿಯ ಭಯ ಬೇರೆ. ಕಬ್ಬಿನ ತರಗೂ ಅಷ್ಟೇ. ಗೋಣಿಚೀಲ, ರಟ್ಟು ಇವೆಲ್ಲ ತೇವ ಹಿಡಿದಿಟ್ಟುಕೊಳ್ತವೆ, ಕೆಮ್ಮಣ್ಣಲ್ಲಿ ಗೆದ್ದಲು ಹತ್ತೋಕೆ ಒಂದೆರಡು ರಾತ್ರಿ ಸಾಕು. ಮೆತ್ತನೆ ಬೇಕಿದ್ದರೆ 4–6 ಮಿ.ಮೀ. ದಪ್ಪದ ಎಕ್ಸ್‌ಎಲ್‌ಪಿಇ ಫೋಮ್ ಹಾಳೆ ಹಾಸಿ. ಅದರ ಗುಳ್ಳೆಗಳು ಒಂದಕ್ಕೊಂದು ಸೇರಿರಲ್ಲ, ನೀರು ಕುಡಿಯಲ್ಲ. ಹಾಸಿಗೂ ಟೆಂಟಿನ ತಳಕ್ಕೂ ನಡುವೆ ಇಟ್ಟರೆ ನೆಗ್ಗಿಲಿನ ತುದಿ ಅದರಲ್ಲೇ ಉಳೀತದೆ. ಅಂಚು ಹೊರಗೆ ಬರಬಾರದು ಅನ್ನೋ ನಿಯಮ ಇದಕ್ಕೂ ಅನ್ವಯ.

ಬೆಣಚುಕಲ್ಲು

ಪ್ರಶ್ನೆಯ ಕೊನೆಯ ಭಾಗ ಹಾಗೇ ಉಳಿದಿದೆ, ಚಾಪೆಯ ಅಡಿಯ ಒದ್ದೆ. ಸೋರಿಕೆಯೋ ಇಬ್ಬನಿಯೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಒಂದಡಿ ಚೌಕದ ಪ್ಲಾಸ್ಟಿಕ್ ತುಂಡನ್ನು ಟೆಂಟಿನೊಳಗೆ ತಳದ ಮೇಲೆ, ಚಾಪೆಯ ಅಡಿಗೆ ಬರುವಂತೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಬೆಳಿಗ್ಗೆ ತುಂಡಿನ ಕೆಳಗೆ ನೀರಿದ್ದರೆ ಅದು ತಳದಿಂದ ಬಂದದ್ದು. ಮೇಲ್ಗಡೆ ಮಾತ್ರ ಇದ್ದರೆ ಒಳಗಿನ ಗಾಳಿಯ ಆವಿ ತಣ್ಣನೆಯ ನೆಲಕ್ಕೆ ತಾಗಿ ನೀರಾದದ್ದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಎರಡನೆಯದೇ ಹೆಚ್ಚು. ಅದಕ್ಕೆ ಎಷ್ಟು ದಪ್ಪದ ತಳಹಾಸು ಹಾಕಿದರೂ ಉಪಯೋಗವಿಲ್ಲ. ಎದುರುಬದುರಿನ ಗಾಳಿಕಿಂಡಿ ತೆರೆದಿಡಿ, ಒದ್ದೆ ಬಟ್ಟೆ ಹೊರಗಿರಲಿ, ಮಲಗುವ ಚಾಪೆ ಗುಳ್ಳೆ ಮುಚ್ಚಿದ ಫೋಮಿನದ್ದಿರಲಿ.

ತಳದಿಂದಲೇ ಬರುತ್ತಿದೆ ಎಂದಾದರೆ ಎಲ್ಲಿಂದ ಎಂದು ಹುಡುಕಬೇಕು. ಮನೆಯಲ್ಲೇ ಮಾಡಬಹುದು. ಗೋಣಿಚೀಲ ನೆನೆಸಿ ನೆಲದ ಮೇಲೆ ಹರಡಿ, ಅದರ ಮೇಲೆ ಟೆಂಟಿನ ತಳ, ಒಳಗೆ ಒಣ ಸುದ್ದಿಪತ್ರಿಕೆ. ಅದರ ಮೇಲೆ ಮಂಡಿಯೂರದೆ ಐದು ನಿಮಿಷ ಕೂತು, ಜಾಗ ಬದಲಿಸುತ್ತಾ ಹೋಗಿ. ಕಾಗದ ಕಪ್ಪಾದ ಕಡೆ ಪೆನ್ನಿನಲ್ಲಿ ಗುರುತು ಹಾಕಿ. ಗೆರೆಯಾಗಿ ಒದ್ದೆಯಾದರೆ ಹೊಲಿಗೆಯ ಪಟ್ಟಿ ಎದ್ದಿದೆ, ಚುಕ್ಕೆಯಾಗಿ ಒದ್ದೆಯಾದರೆ ತೂತು, ಅಗಲವಾಗಿ ಹರಡಿದರೆ ಲೇಪನವೇ ಸವೆದಿದೆ. ಸೂಜಿಮೊನೆಯಷ್ಟು ತೂತುಗಳಿಗೆ ಕತ್ತಲೆ ಕೋಣೆಯಲ್ಲಿ ತಳವನ್ನು ಎತ್ತಿ ಹಿಡಿದು ಹಿಂದಿನಿಂದ ಬ್ಯಾಟರಿ ಬೆಳಕು ಬಿಡಿ.

ಟಾರ್ಪಾಲು_ಹೊಲಿಗೆ

ತೇಪೆಯ ಬಗ್ಗೆ ಇದಕ್ಕೆ ಸೇರಿಸುತ್ತೇನೆ. ತಳ ಯಾವ ಬಟ್ಟೆ ಎಂದು ನೋಡದೆ ಅಂಟು ಹಚ್ಚಬಾರದು. ಪಿಯು ಲೇಪನಕ್ಕೆ ಪಿಯು ಅಂಟು, ಸಿಲಿಕಾನ್ ಲೇಪನಕ್ಕೆ ಸಿಲಿಕಾನ್ ಸೀಲೆಂಟ್. ಪಿಯು ತಳಕ್ಕೆ ಒಮ್ಮೆ ಸಿಲಿಕಾನ್ ಹಚ್ಚಿಬಿಟ್ಟರೆ ಆಮೇಲೆ ಆ ಜಾಗದಲ್ಲಿ ಬೇರೆ ಯಾವ ಅಂಟೂ ಕೂರುವುದಿಲ್ಲ. ಅಗ್ಗದ ಟೆಂಟುಗಳ ತಳ ನೇಯ್ದ ಪಾಲಿಎಥಿಲೀನ್ ಆಗಿರುತ್ತದೆ, ಟಾರ್ಪಾಲಿನಂತೆ ಪರಪರ ಸದ್ದು ಮಾಡುವುದೇ ಗುರುತು. ಅದಕ್ಕೆ ದ್ರವದ ಅಂಟು ಹಿಡಿಯುವುದೇ ಇಲ್ಲ, ಬ್ಯುಟೈಲ್ ಟೇಪು ಅಥವಾ ಟಾರ್ಪಾಲು ದುರಸ್ತಿ ಟೇಪನ್ನು ಎರಡೂ ಬದಿಗೆ ಹಚ್ಚಬೇಕು.

ನಿಮ್ಮದು ಪಿಯು ಪಾಲಿಯೆಸ್ಟರ್. ಹರಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಲು ಬಿಡಿ. ತೇಪೆ ಹರುಕಿಗಿಂತ ಎಲ್ಲ ಕಡೆ 2.5 ಸೆಂ.ಮೀ. ದೊಡ್ಡದಿರಲಿ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೌಕ ಮೂಲೆ ಮೊದಲು ಏಳುತ್ತದೆ. ಹೊರಗಿನಿಂದ ಒಂದು, ಒಳಗಿನಿಂದ ಒಂದು. ಅಂಟು ಹಚ್ಚಿ ಮೇಲೆ ಭಾರ ಇಟ್ಟು 24 ಗಂಟೆ ಮುಟ್ಟಬೇಡಿ. ಸೂಜಿತೂತಿಗೆ ತೇಪೆ ಬೇಡ, ಕಡಲೆಬೇಳೆ ಗಾತ್ರದಷ್ಟು ಅಂಟು ಸಾಕು.

ಹಿನ್ನೀರು_ಅಂಚು

ಕೆಆರ್‌ಎಸ್ ಹಿನ್ನೀರಿನ ದಡದ ಬಗ್ಗೆ ಕೇಳುವವರೂ ಇದನ್ನು ಓದುತ್ತಿರಬಹುದು. ನೀರು ಇಳಿದ ಮೇಲೆ ಹುಲ್ಲು ಚಿಗುರಿದ ಆ ಬಯಲು ಮೆತ್ತಗೆ ಕಾಣುತ್ತದೆ. ಒಳಗೆ ಕಪ್ಪೆಚಿಪ್ಪಿನ ಚೂರು, ಒಡೆದ ಬಾಟಲಿಯ ಗಾಜು ಇರುತ್ತವೆ, ಗಾಜಿಗೆ ಯಾವ ಹಾಸೂ ತಡೆಯಲ್ಲ. ದಪ್ಪ ಕೈಗವಸು ಹಾಕಿ ಕೈಯಿಂದಲೇ ಆಯಬೇಕು. ಮಳೆಗಾಲದಲ್ಲಿ ಒಳಹರಿವು ಹೆಚ್ಚಾದರೆ ನೀರಿನ ಅಂಚು ರಾತ್ರೋರಾತ್ರಿ ಮುಂದೆ ಬರುತ್ತದೆ, ಜಲಾಶಯದ ಪೂರ್ಣ ಮಟ್ಟ 124.80 ಅಡಿ. ಅಂದಿನ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ, ನೋಡಿಕೊಳ್ಳಿ. ಮುತ್ತತ್ತಿ, ಭೀಮೇಶ್ವರಿ ಕಾವೇರಿ ವನ್ಯಧಾಮದ ಪ್ರದೇಶ, ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸ್ವಂತ ಟೆಂಟು ಹಾಕುವ ಹಾಗಿಲ್ಲ.

ಬಂಡೆ_ಮೇಲೆ

ಅನುಮತಿ ಇರುವ ಕಡೆ ಬಂಡೆಯ ಮೇಲೆ ಹಾಕುವವರಿಗೆ ಮಾತ್ರ ಒಂದು ಮಾತು. ಕುಂತಿಬೆಟ್ಟದಂಥ ಗ್ರಾನೈಟ್ ಬಂಡೆಗೆ ಗೂಟ ಇಳಿಯುವುದಿಲ್ಲ, ಟೆಂಟನ್ನು ಕಲ್ಲಿಗೆ ಕಟ್ಟಬೇಕಾಗುತ್ತದೆ. ಗಾಳಿಗೆ ಟೆಂಟು ಅಲುಗಿದಷ್ಟೂ ಬಂಡೆಯ ಒರಟು ಹರಳು ತಳವನ್ನು ಮರಳುಕಾಗದದಂತೆ ಉಜ್ಜುತ್ತದೆ. ಹಾಸು ಟೆಂಟಿಗೇ ಕಟ್ಟಿದ್ದು ಎರಡೂ ಒಟ್ಟಿಗೆ ಅಲುಗಬೇಕು, ಸವೆಯುವುದು ಹಾಸಾಗಬೇಕು. ಹಾಸಿಗೂ ತಳಕ್ಕೂ ನಡುವೆ ಮರಳು ಸೇರಿದರೆ ಹಾಸು ಹಾಕಿಯೂ ಅದೇ ಕೆಲಸ ನಡೆಯುತ್ತದೆ. ಟೆಂಟು ಎತ್ತಿ ಜಾಗ ಬದಲಿಸುವಾಗೆಲ್ಲ ಎರಡನ್ನೂ ಕೊಡವಿ.

ನಾಲೆ_ಏರಿ

ಒಳಗಿಂದ ಆಗೋ ಹಾನಿಯೂ ಕಡಿಮೆ ಇಲ್ಲ. ಸೊಳ್ಳೆ ಬತ್ತಿ ಟೆಂಟೊಳಗೆ ಹಚ್ಚಲೇಬೇಡಿ, ಬೂದಿ ಕೆಂಡ ಒಂದು ಚೂರು ಬಿದ್ದರೆ ತಳ ಕರಗಿ ತೂತಾಗ್ತದೆ, ಮುಚ್ಚಿದ ಜಾಗದಲ್ಲಿ ಹೊಗೆ ಬೇರೆ. ಬಲೆಯ ಜಿಪ್ ಹಾಕಿದ್ರೆ ಅದರ ಅಗತ್ಯವೇ ಇಲ್ಲ. ಮಡಚೋ ಮಂಚ, ಕುರ್ಚಿ ಇಡೋದಾದ್ರೆ ಕಾಲಿನಡಿ ನಾಲ್ಕಿಂಚು ಚೌಕದ ಪ್ಲೈವುಡ್ ತುಂಡು ಇಡಿ, ಅಂಚು ಉಜ್ಜಿ ನುಣುಪು ಮಾಡಿ.

ಇನ್ನೊಂದು, ಕೆಮ್ಮಣ್ಣು ಹೊಲದಲ್ಲಿ ಮೇ ತಿಂಗಳ ಸಂಜೆ ಮಳೆ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್ ಮಳೆ ಜೋರಾಗಿ ಸುರಿಯುವಾಗ ಮೇಲ್ಮಣ್ಣು ಹೆಪ್ಪುಗಟ್ಟಿ ನೀರು ಇಂಗದೆ ಹರಿದೇ ಹೋಗ್ತದೆ. ಹಳೇ ನೀರು ಹರಿದ ಗೆರೆ, ಒಂದೇ ಕಡೆ ಗುಪ್ಪೆಯಾಗಿ ನಿಂತಿರೋ ಕಸಕಡ್ಡಿ ನೋಡಿ ಜಾಗ ಆರಿಸಿ. ಅಲ್ಪ ಇಳಿಜಾರಿರಲಿ, ತಲೆ ಮೇಲ್ಗಡೆ. ಸುತ್ತ ಕಾಲುವೆ ತೋಡೋ ಪದ್ಧತಿ ಬೇಡ, ಹೊಲದ ಮೇಲ್ಮಣ್ಣು ಮಳೆಗೆ ಅಲ್ಲಿಂದಲೇ ಕೊಚ್ಚಿಕೊಂಡು ಹೋಗ್ತದೆ.

ಹೊಸಟೆಂಟು_ಮೈಸೂರು

ಎಲ್ಲವನ್ನೂ ಬರೆದುಕೊಂಡೆ. 9 × 12 ಅಡಿಯ 120 ಜಿಎಸ್‌ಎಂ ತಂದು ಎರಡು ಹಾಸು ಹೊಲಿಸುತ್ತೇನೆ, ತೋಟಕ್ಕೆ ಒಳಹಾಸು ಬೇರೆ. ಕೊನೆಯದಾಗಿ, ಬೆಳಿಗ್ಗೆ ಹೊರಡುವಾಗ ತಳಹಾಸನ್ನು ಟೆಂಟಿಗೆ ಕಟ್ಟಿದ ಹಾಗೇ ಒಟ್ಟಿಗೆ ಸುತ್ತಿದರೆ ಸಮಯ ಉಳಿಯುತ್ತದಲ್ಲವೇ?

ಬೆಣಚುಕಲ್ಲು

ಬೇಡ. ಹಾಸಿನ ಅಡಿಭಾಗದಲ್ಲಿ ಮಣ್ಣು, ತೇವ ಎರಡೂ ಇರುತ್ತವೆ, ಒಟ್ಟಿಗೆ ಸುತ್ತಿದರೆ ಎರಡನ್ನೂ ಟೆಂಟಿಗೆ ಒತ್ತಿ ಸವರಿದಂತಾಗುತ್ತದೆ. ಮೊದಲು ಟೆಂಟಿನ ಒಳಗಿನ ಮರಳು ಕೊಡವಿ, ಅದನ್ನು ಪಕ್ಕಕ್ಕೆ ಮಲಗಿಸಿ ತಳದ ಹೊರಮೈ ನೆರಳಿನಲ್ಲಿ ಗಾಳಿಗೆ ಒಣಗಲು ಬಿಡಿ. ಅಷ್ಟರಲ್ಲಿ ಹಾಸಿನ ಅಡಿಮೈ ಒರೆಸಿ, ಮಣ್ಣಿನ ಬದಿ ಒಳಗೆ ಬರುವಂತೆ ಸುತ್ತಿ ಬೇರೆ ಚೀಲಕ್ಕೆ ಹಾಕಿ. ಮಳೆಯಲ್ಲೇ ಎತ್ತಬೇಕಾಗಿ ಬಂದರೆ ಒದ್ದೆಯಾಗಿಯೇ ತನ್ನಿ, ಆದರೆ ಮನೆಗೆ ಬಂದ ದಿನವೇ ಫ್ಯಾನಿನ ಕೆಳಗೆ ಹರಡಿ. ಹೊಲಿಗೆ ಮತ್ತು ಮೂಲೆಗಳು ಕೊನೆಗೆ ಒಣಗುವ ಜಾಗ, ಅಲ್ಲಿ ಬೆರಳಿಟ್ಟು ನೋಡಿಯೇ ಒಳಗಿಡಿ. ಬಿಗಿ ಚೀಲಕ್ಕೆ ತುರುಕದೆ ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿಟ್ಟು, ಇಲಿ ತಲುಪದ ಕಪಾಟಿನಲ್ಲಿಡಿ.